ಎಫ್ ಕಿಂಡಿಗೆ ಕೈ ಹಾಕುವ ಮುಂಚೆ: ಹಾಲೋ ಬಾಡಿ ಗಿಟಾರ್‌ನ ವೈರಿಂಗ್ ತೊಂದರೆ ಹುಡುಕುವುದು

ಟೆಲಿಕಾಸ್ಟರ್‌ನಂಥ ಗಟ್ಟಿ ಮರದ ಗಿಟಾರ್‌ನಲ್ಲಿ ವೈರಿಂಗ್ ಕೆಟ್ಟರೆ ಎರಡು ಸ್ಕ್ರೂ ಬಿಚ್ಚಿ ತಟ್ಟೆ ಎತ್ತಿದರೆ ಆಯಿತು, ಎಲ್ಲ ಕಣ್ಣ ಮುಂದೆ ಬರುತ್ತದೆ. ಒಳಗೆ ಟೊಳ್ಳಾಗಿರುವ ಹಾಲೋ ಬಾಡಿಯಲ್ಲಿ ಆ ಸುಖವಿಲ್ಲ. ಗಿಬ್ಸನ್ ಇಎಸ್-175, ಇಎಸ್-335, ಎಪಿಫೋನ್ ಕ್ಯಾಸಿನೊ, ಐಬನೆಜ್ ಆರ್ಟ್‌ಕೋರ್ ಇಂಥ ಗಿಟಾರ್‌ಗಳ ಬೆನ್ನಿಗೆ ಸಾಮಾನ್ಯವಾಗಿ ಮುಚ್ಚಳವೇ ಇರುವುದಿಲ್ಲ. ವಾಲ್ಯೂಮ್, ಟೋನ್, ಸ್ವಿಚ್, ಕೇಬಲ್ ಸಿಕ್ಕಿಸುವ ಜ್ಯಾಕ್ ಎಲ್ಲವೂ ಗಿಟಾರ್ ಮುಖದ ಮೇಲಿನ f ಆಕಾರದ ಎಫ್ ಕಿಂಡಿಯಿಂದಲೋ, ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್ ಕೂರುವ ಜಾಗದಿಂದಲೋ ಒಳಗೆ ಹೋಗಿರುತ್ತವೆ, ಹಾಗೆಯೇ ಹೊರಗೆ ಬರಬೇಕು. ಒಂದು ಸಲ ಹೊರಗೆಳೆದು ಮತ್ತೆ ಕೂರಿಸುವುದಕ್ಕೆ ಅರ್ಧ ದಿನ ಬೇಕು, ತಾಳ್ಮೆ ಅದಕ್ಕಿಂತ ಜಾಸ್ತಿ ಬೇಕು.

ಹಾಗಾಗಿ ಇಲ್ಲಿ ಪರೀಕ್ಷೆಯ ಕ್ರಮವೇ ಬೇರೆ. ಹೊರಗಿನಿಂದ ತಿಳಿಯಬಹುದಾದ ಅಷ್ಟನ್ನೂ ತಿಳಿದುಕೊಂಡ ಮೇಲೆಯೇ ಒಂದು ನಟ್ ಸಡಿಲಿಸಬೇಕು. ಅದೃಷ್ಟಕ್ಕೆ, ಜ್ಯಾಕ್‌ಗೆ ಒಂದು ಕೇಬಲ್ ಸಿಕ್ಕಿಸಿ ಅದರ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ ಒಳಗಿನ ಮುಕ್ಕಾಲು ಕಥೆ ಗೊತ್ತಾಗುತ್ತದೆ. ಪಿಕಪ್, ಪಾಟ್ (ವಾಲ್ಯೂಮ್, ಟೋನ್ ನಾಬ್ ಅಡಿಯ ಬಿಡಿಭಾಗ) ಬದಲಿಸಿದ ಮೇಲೆ ಹುಟ್ಟಿದ ತೊಂದರೆಗೂ ಹಳೆಯ ವೈರಿಂಗ್ ತಾನಾಗಿ ಕೆಟ್ಟದ್ದಕ್ಕೂ ಇದೇ ದಾರಿ.

ತಂತಿ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಇಲ್ಲೇ ನಿಲ್ಲಿ

ಮಿಕ್ಕ ಲಕ್ಷಣಗಳಿಗೆ ಹೋಗುವ ಮೊದಲು ಇದು. ತಂತಿ ಹಿಡಿದಾಗ, ಅಥವಾ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಚಿಕ್ಕದಾಗಿ ಜುಮ್ ಎಂದರೂ ನುಡಿಸುವುದು ನಿಲ್ಲಿಸಿ. ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ, ಪ್ಲಗ್ ಕಿತ್ತು ಹಾಕಿ.

ಬ್ಯಾಟರಿ ಇಲ್ಲದ ಮಾಮೂಲಿ ಗಿಟಾರ್‌ನ ಒಳಗೆ ಅಪಾಯ ಮಾಡುವಷ್ಟು ವಿದ್ಯುತ್ತೇ ಇಲ್ಲ. ಶಾಕ್ ಬರುವುದು ಆಂಪ್‌ನಿಂದ, ಸೌಂಡ್ ಸಿಸ್ಟಮ್‌ನಿಂದ, ಗೋಡೆಯ ಸಾಕೆಟ್‌ನಿಂದ. ಹಳೆಯ ಮನೆಗಳಲ್ಲಿ, ಸಮುದಾಯ ಭವನಗಳಲ್ಲಿ, ಶಾಮಿಯಾನದ ಕೆಳಗೆ ಎಳೆದ ಎಕ್ಸ್‌ಟೆನ್ಷನ್ ಬೋರ್ಡ್‌ಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ಅರ್ಥಿಂಗ್ ವೈರ್ ಇರುವುದಿಲ್ಲ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕುವವರೂ ಇದ್ದಾರೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ವೇದಿಕೆಯ ಮೇಲೆಯೇ ಜೀವ ಬಿಟ್ಟದ್ದು ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ.

ಕೆಲವರು ಇದಕ್ಕೆ ಔಷಧಿ ಎಂದು ಗಿಟಾರ್‌ನ ಬ್ರಿಡ್ಜ್ ಅರ್ಥ್ ವೈರ್, ಅಂದರೆ ತಂತಿಗಳನ್ನು ಅರ್ಥ್‌ಗೆ ಸೇರಿಸುವ ವೈರ್, ಕತ್ತರಿಸುತ್ತಾರೆ. ದಯವಿಟ್ಟು ಬೇಡ. ರೋಗ ಗೋಡೆಯಲ್ಲಿದೆ, ಗಿಟಾರ್‌ನಲ್ಲಿ ಅಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನ ಅರ್ಥಿಂಗ್ ಪರೀಕ್ಷಿಸಿ. ಮನೆಗೆ, ಕರೆಂಟ್ ಸೋರಿದರೆ ಕೂಡಲೇ ಕಡಿದು ಹಾಕುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಹಾಕಿಸಿ. ಸಾಕೆಟ್ ಸರಿಯಿದ್ದೂ ಶಾಕ್ ಬರುತ್ತಿದ್ದರೆ ಆಂಪ್ ರಿಪೇರಿಯವರ ಬಳಿ ಹೋಗಲಿ. ವಾಲ್ವ್ ಆಂಪ್ ಆದರೆ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಗಿಟಾರ್ ಕೆಟ್ಟಿದೆ ಎಂದು ಗೊತ್ತೇ?

ಇದು ಬಿಟ್ಟಿ ಪರೀಕ್ಷೆ. ಕೇಬಲ್ ಬದಲಿಸಿ. ಪೆಡಲ್‌ಗಳನ್ನೆಲ್ಲ ತೆಗೆದು ನೇರವಾಗಿ ಆಂಪ್‌ಗೆ ಹಾಕಿ. ಬೇರೆ ಗಿಟಾರ್ ಇದ್ದರೆ ಅದೇ ಕೇಬಲ್, ಅದೇ ಆಂಪ್‌ನಲ್ಲಿ ನುಡಿಸಿ ನೋಡಿ. ಬೇರೆ ಗಿಟಾರ್ ಇಲ್ಲದಿದ್ದರೆ ಆಂಪ್‌ನ ವಾಲ್ಯೂಮ್ ಚೆನ್ನಾಗಿ ಇಳಿಸಿ, ಗಿಟಾರ್ ಕಡೆಯ ಪ್ಲಗ್‌ನ ತುದಿಯನ್ನು ಬೆರಳಿಂದ ಮುಟ್ಟಿ. ಗುಂಯ್ ಎಂದರೆ ಆಂಪ್, ಕೇಬಲ್ ಎರಡೂ ಬದುಕಿವೆ. ಮೇಲೆ ಹೇಳಿದ ಅರ್ಥಿಂಗ್ ವಿಚಾರ ಖಚಿತವಾದ ಮೇಲಷ್ಟೇ ಈ ಪರೀಕ್ಷೆ ಮಾಡಿ.

ನಿಮ್ಮ ದೂರು ಗುಂಯ್‌ಗುಡುವಿಕೆಯದ್ದೇ ಆದರೆ ತಲೆ ಎತ್ತಿ ಫ್ಯಾನ್ ನೋಡಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಲೈಟಿನ ಡಿಮ್ಮರ್, ಕರೆಂಟ್ ಹೋದಾಗ ಓಡುವ ಅಗ್ಗದ ಇನ್ವರ್ಟರ್, ಫೋನ್ ಚಾರ್ಜರ್, ಈ ನಾಲ್ಕೂ ಪಿಕಪ್‌ನೊಳಗೆ ಜುಯ್ ಎನ್ನುವ ಸದ್ದು ತುಂಬುತ್ತವೆ. ಒಂದೊಂದನ್ನೇ ಆಫ್ ಮಾಡಿ ಕೇಳಿ. ಫ್ಯಾನ್ ಎರಡರಲ್ಲಿ ಜುಯ್ ಎಂದು, ಫುಲ್ ಸ್ಪೀಡ್‌ನಲ್ಲಿ ಸುಮ್ಮನಾದರೆ ತೊಂದರೆ ರೆಗ್ಯುಲೇಟರ್‌ನದ್ದು. ಇದಕ್ಕಾಗಿ ಗಿಟಾರ್ ಬಿಚ್ಚಿದವರು ಕಡಿಮೆ ಜನ ಅಲ್ಲ.

ಸದ್ದೇ ಇಲ್ಲ, ಅಥವಾ ಒಂದು ಪಿಕಪ್ ಮಾತ್ರ ಕೆಲಸ ಮಾಡುತ್ತಿದೆ

ಇಲ್ಲಿ ಮಲ್ಟಿಮೀಟರ್ ಬೇಕು. ಕೆಲವು ನೂರು ರೂಪಾಯಿಯ ಹಳದಿ ಡಬ್ಬಿ ಸಾಕು. ಗಿಟಾರ್‌ಗೆ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಆಂಪ್‌ನಿಂದ ಕಿತ್ತು ಮೇಜಿನ ಮೇಲಿಡಿ. ಮೀಟರನ್ನು 20 ಕಿಲೋ ಓಮ್‌ಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಗ್‌ನ ತುದಿಗೆ, ಕಪ್ಪು ಕಡ್ಡಿ ಪ್ಲಗ್‌ನ ಉದ್ದ ಭಾಗಕ್ಕೆ. ಕೈ ಸಾಲದಿದ್ದರೆ ಮೊಸಳೆ ಕ್ಲಿಪ್ ಹಾಕಿ. ಎಲ್ಲ ನಾಬ್‌ಗಳೂ 10ರಲ್ಲಿರಲಿ. ತಂತಿ ಬಿಚ್ಚುವುದೇನೂ ಬೇಡ.

ಎರಡು ಹಂಬಕರ್ (ಎರಡು ಸುರುಳಿಯ) ಪಿಕಪ್, ಎರಡು ವಾಲ್ಯೂಮ್, ಎರಡು ಟೋನ್, ಮೂರು ಸ್ಥಾನದ ಸ್ವಿಚ್ ಇರುವ ಇಎಸ್-335 ಮಾದರಿಯ ಗಿಟಾರನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಪಿಕಪ್‌ನಿಂದ ಹೊರಟ ವೈರ್ ಮೊದಲು ವಾಲ್ಯೂಮ್‌ಗೆ, ಅಲ್ಲಿಂದ ಸ್ವಿಚ್‌ಗೆ, ಕೊನೆಗೆ ಜ್ಯಾಕ್‌ಗೆ ಹೋಗುತ್ತದೆ. ಮಾಮೂಲಿ ಹಂಬಕರ್ 7ರಿಂದ 9 ಕಿಲೋ ಓಮ್ ತೋರಿಸುತ್ತದೆ. ಪಿಕಪ್ 8 ಕಿಲೋ ಓಮ್‌ನದ್ದಾಗಿ ಪಾಟ್ 500 ಕೆ ಆಗಿದ್ದರೆ ಮೀಟರ್ ಸುಮಾರು 7.9 ಎನ್ನುತ್ತದೆ. ಸ್ವಿಚ್ ನಡುವಿಗೆ ತಂದರೆ ಎರಡೂ ಪಿಕಪ್ ಸಮಾನಾಂತರವಾಗಿ ಸೇರಿ ಸುಮಾರು 4ಕ್ಕೆ ಇಳಿಯುತ್ತದೆ. ಗ್ರೆಚ್‌ನ ಫಿಲ್ಟರ್‌ಟ್ರಾನ್ ಪಿಕಪ್ ಆದರೆ ಒಂದೊಂದೇ 4 ಕಿಲೋ ಓಮ್ ಆಸುಪಾಸು ಇರುತ್ತದೆ, ಅದನ್ನು ನೋಡಿ ಗಾಬರಿ ಬೇಡ. ಗ್ರೆಚ್‌ಗಳಲ್ಲಿ ಸ್ವಿಚ್ ಆದ ಮೇಲೆ ಇನ್ನೊಂದು ಮಾಸ್ಟರ್ ವಾಲ್ಯೂಮ್ ಕೂಡ ಇರುತ್ತದೆ, ಅದೂ 10ರಲ್ಲಿರಲಿ.

ಈಗ ಮೀಟರ್ ಏನು ಹೇಳಿದರೆ ಏನರ್ಥ ನೋಡಿ.

ಸೊನ್ನೆ ಎಂದರೆ ಎಲ್ಲೋ ಶಾರ್ಟ್ ಆಗಿದೆ. ಮೂರೂ ಸ್ಥಾನದಲ್ಲಿ ಸೊನ್ನೆಯೇ ಇದ್ದರೆ ಶಾರ್ಟ್ ಇರುವುದು ಸ್ವಿಚ್ಚಿನಲ್ಲಿ, ಅಥವಾ ಸ್ವಿಚ್ ದಾಟಿದ ಮೇಲೆ, ಅಂದರೆ ಜ್ಯಾಕ್‌ನಲ್ಲಿ ಇಲ್ಲವೇ ಜ್ಯಾಕ್‌ಗೆ ಬರುವ ವೈರ್‌ನಲ್ಲಿ. ನೆಕ್ (ಕತ್ತಿನ ಕಡೆಯ ಪಿಕಪ್) ಸ್ಥಾನ ಮತ್ತು ನಡು ಸ್ಥಾನ ಎರಡರಲ್ಲಿ ಮಾತ್ರ ಸೊನ್ನೆ, ಬ್ರಿಡ್ಜ್ (ಹಿಂಬದಿಯ ಪಿಕಪ್) ಸರಿ ಎಂದರೆ ನೆಕ್ ಪಿಕಪ್‌ನ ದಾರಿಯಲ್ಲಿದೆ. ಹಾಲೋ ಬಾಡಿಯಲ್ಲಿ ಶಾರ್ಟ್‌ಗೆ ದೊಡ್ಡ ಕಾರಣ ಹೆಣೆದ ಕವಚದ ವೈರ್. ಕವಚದ ಒಂದೇ ಒಂದು ಎಳೆ ಒಳಗಿನ ಸಿಗ್ನಲ್ ವೈರ್‌ಗೋ ಪಾಟ್‌ನ ಕಾಲಿಗೋ ತಾಗಿದರೆ ಮುಗಿಯಿತು. ಮೇಜಿನ ಮೇಲೆ ಸರಿಯಿದ್ದದ್ದು ಒಳಗೆ ತುರುಕುವಾಗ ಬಾಗಿ ತಾಗುತ್ತದೆ.

ಮೀಟರ್ ಬರೀ 1 ಅಥವಾ OL ತೋರಿಸಿ ಅಳತೆಯೇ ಖಾಲಿ ಉಳಿದರೆ, 2 ಮೆಗಾ ಓಮ್ ರೇಂಜ್‌ಗೆ ಏರಿಸಿ ನೋಡಿ. ಈಗ 400ರಿಂದ 600 ಕಿಲೋ ಓಮ್ ಕಂಡರೆ ಅದು ಪಿಕಪ್ ಅಲ್ಲ, ವಾಲ್ಯೂಮ್ ಪಾಟ್. ಅಂದರೆ ಜ್ಯಾಕ್‌ನಿಂದ ಪಾಟ್‌ವರೆಗೆ ದಾರಿ ಸರಿಯಿದೆ, ಪಿಕಪ್‌ನ ವೈರ್ ಬಿಟ್ಟಿದೆ ಅಥವಾ ಪಿಕಪ್ ಸುರುಳಿಯೇ ತುಂಡಾಗಿದೆ. ಆ ರೇಂಜ್‌ನಲ್ಲೂ ಖಾಲಿ ಇದ್ದರೆ ತುಂಡಾಗಿರುವುದು ಪಾಟ್‌ಗಿಂತ ಮುಂದೆ: ಸ್ವಿಚ್, ಜ್ಯಾಕ್, ಇಲ್ಲವೇ ಅರ್ಥ್ ವೈರ್.

ಹಂಬಕರ್ ನಿಖರವಾಗಿ ಅರ್ಧ ತೋರಿಸಿದರೆ, ಎಂಟು ಬರಬೇಕಾದ ಕಡೆ ನಾಲ್ಕು, ಒಂದು ಸುರುಳಿ ಅರ್ಥ್‌ಗೆ ತಾಗಿ ಕೂತಿದೆ. ನಾಲ್ಕು ವೈರ್‌ನ ಪಿಕಪ್‌ಗಳಲ್ಲಿ ಎರಡು ವೈರ್ ಒಂದಕ್ಕೊಂದು ಸೇರಿಸಿ ಟೇಪ್ ಸುತ್ತಿಡಬೇಕು. ಸೇಮರ್ ಡಂಕನ್‌ನಲ್ಲಿ ಅವು ಕೆಂಪು, ಬಿಳಿ. ಡಿಮಾರ್ಜಿಯೊದಲ್ಲಿ ಕಪ್ಪು, ಬಿಳಿ. ಒಂದು ಕಂಪನಿಯ ಬಣ್ಣದ ನಕ್ಷೆ ಇನ್ನೊಂದಕ್ಕೆ ಹೊಂದುವುದಿಲ್ಲ: ಡಂಕನ್‌ನ ಕಪ್ಪು ಸಿಗ್ನಲ್, ಡಿಮಾರ್ಜಿಯೊದಲ್ಲಿ ಸಿಗ್ನಲ್ ಕೆಂಪು. ಡಂಕನ್ ಪಿಕಪ್‌ಗೆ ಡಿಮಾರ್ಜಿಯೊ ನಕ್ಷೆ ನೋಡಿ ಬೆಸುಗೆ ಹಾಕಿದರೆ ಹೀಗೆಲ್ಲ ಆಗುತ್ತದೆ.

ಮೀಟರ್ ಕಡ್ಡಿಗಳನ್ನು ತೆಗೆಯಬೇಡಿ, ಇನ್ನೊಂದು ಕೆಲಸ ಇದೆ. 2 ಮೆಗಾ ಓಮ್ ರೇಂಜ್‌ನಲ್ಲೇ ವಾಲ್ಯೂಮನ್ನು 10ರಿಂದ ಸೊನ್ನೆಗೆ ನಿಧಾನವಾಗಿ ತಿರುಗಿಸಿ. ಸಂಖ್ಯೆ 7.9ರಿಂದ ಏರುತ್ತಾ ಹೋಗಿ, ನೂರು ದಾಟಿ ಸುಮಾರು 125 ಕಿಲೋ ಓಮ್ ಮುಟ್ಟಿ, ಮತ್ತೆ ಇಳಿದು ಸೊನ್ನೆಗೆ ಬರಬೇಕು. ಹತ್ತಿ ಇಳಿದರೆ ಪಾಟ್ ಸರಿಯಾಗಿದೆ, ಅದರ ಅರ್ಥ್ ಕೂಡ ಸರಿಯಾಗಿದೆ. ನಡುವೆ ಎಲ್ಲಾದರೂ ಸಂಖ್ಯೆ ಹುಚ್ಚೆದ್ದು ಜಿಗಿದರೆ ಪಾಟ್ ಕೊಳೆಯಾಗಿದೆ ಅಥವಾ ಬೆಸುಗೆಯ ಬಿಸಿಗೆ ಸುಟ್ಟಿದೆ. ಇಳಿಯದೆ ಮೇಲೆಯೇ ಉಳಿದರೆ ಪಾಟ್‌ನ ಅರ್ಥ್ ಬಿಟ್ಟಿದೆ.

ಹೀಗೆ ಅಳೆಯುತ್ತಾ ಕೇಬಲನ್ನು ಜ್ಯಾಕ್‌ನ ಬಳಿ ಮೆಲ್ಲಗೆ ಅಲ್ಲಾಡಿಸಿ. ಸ್ವಿಚ್ಚನ್ನು ಪಟಪಟ ಆಡಿಸಿ. ಸಂಖ್ಯೆ ಕುಣಿದರೆ ಲೂಸ್ ಕಾಂಟ್ಯಾಕ್ಟ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದಂತೆ.

ಒಂದು ತಪ್ಪು ಕಲ್ಪನೆ. ಸ್ವಿಚ್ ನಡುವಿದ್ದಾಗ ಒಂದು ವಾಲ್ಯೂಮ್ ಸೊನ್ನೆ ಮಾಡಿದರೆ ಎರಡೂ ಪಿಕಪ್ ಸುಮ್ಮನಾಗುತ್ತವೆ. ಇದು ದೋಷ ಅಲ್ಲ, ಈ ವೈರಿಂಗ್‌ನ ಸ್ವಭಾವ.

ಗುಂಯ್ ಎನ್ನುತ್ತದೆ

ಕಿವಿಗಿಂತ ಕೈ ಇಲ್ಲಿ ಹೆಚ್ಚು ಹೇಳುತ್ತದೆ. ಸದ್ದು ಬರುತ್ತಿರುವಾಗ ತಂತಿಗಳ ಮೇಲೆ ಅಂಗೈ ಇಡಿ.

ಮುಟ್ಟಿದ ಕೂಡಲೇ ಸದ್ದು ಕಡಿಮೆಯಾದರೆ ತಂತಿಯ ಅರ್ಥ್ ಸರಿಯಿದೆ. ನಿಮ್ಮ ಮೈ ಸುತ್ತಲಿನ ಗದ್ದಲವನ್ನು ಆಂಟೆನಾದಂತೆ ಹಿಡಿಯುತ್ತಿತ್ತು, ಮುಟ್ಟಿದಾಗ ಅದು ಅರ್ಥ್‌ಗೆ ಹೋಯಿತು. ಸ್ವಲ್ಪ ಮಟ್ಟಿಗೆ ಇದು ಎಲ್ಲ ಗಿಟಾರ್‌ನಲ್ಲೂ ಇರುವುದೇ.

ಮುಟ್ಟಿದರೂ ಏನೂ ಬದಲಾಗದಿದ್ದರೆ ತಂತಿಗೆ ಅರ್ಥ್ ತಲುಪುತ್ತಿಲ್ಲ. ಪ್ಲಗ್‌ನ ಉದ್ದ ಭಾಗಕ್ಕೆ ಒಂದು ಕಡ್ಡಿ, ತಂತಿಗೆ ಇನ್ನೊಂದು ಕಡ್ಡಿ ಹಿಡಿದು ಅಳೆಯಿರಿ. ಒಂದೆರಡು ಓಮ್‌ಗಿಂತ ಜಾಸ್ತಿ ಇರಬಾರದು. ತಂತಿಗಳ ಹಿಂತುದಿ ಹಿಡಿಯುವ ಟ್ರೆಪೀಜ್ ಟೇಲ್‌ಪೀಸ್ ಇರುವ ಗಿಟಾರ್‌ಗಳಲ್ಲಿ ಒಂದು ಬರಿ ವೈರ್ ಒಳಗಿನಿಂದ ಬಂದು ಟೇಲ್‌ಪೀಸ್‌ನ ಲೋಹದ ಅಡಿ ಸಿಕ್ಕಿಕೊಂಡಿರುತ್ತದೆ. ತಂತಿ ಬದಲಿಸುವಾಗ, ಟೇಲ್‌ಪೀಸ್ ಅಲುಗಾಡಿದಾಗ ಅದು ಜಾರುವುದುಂಟು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದರ ತುದಿ ಹಸಿರುಗಟ್ಟುವುದೂ ಉಂಟು. ಟೇಲ್‌ಪೀಸ್‌ನ ಸ್ಕ್ರೂ ಬಿಚ್ಚಿ, ವೈರ್ ತುದಿಯನ್ನು ಮರಳು ಕಾಗದದಿಂದ ಉಜ್ಜಿ ಮತ್ತೆ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ, ಎಫ್ ಕಿಂಡಿಯ ತಂಟೆಯೇ ಇಲ್ಲ.

ಮುಟ್ಟಿದಾಗ ಸದ್ದು ಜಾಸ್ತಿ ಆದರೆ? ಜ್ಯಾಕ್‌ನಲ್ಲಿ ಸಿಗ್ನಲ್ ಮತ್ತು ಅರ್ಥ್ ಅದಲು ಬದಲಾಗಿದೆ. ವೈರಿಂಗ್ ಬದಲಿಸಿದ ದಿನವೇ ಈ ಲಕ್ಷಣ ಕಂಡರೆ ಬೇರೆ ಎಲ್ಲೂ ಹುಡುಕಬೇಡಿ.

ಗಿಟಾರ್ ಹಿಡಿದು ಕೂತಲ್ಲೇ ತಿರುಗಿದರೆ ಸದ್ದು ಏರಿ ಇಳಿಯುತ್ತದೆಯೇ? ಅದು ಸುರುಳಿ ನೇರವಾಗಿ ಹಿಡಿಯುತ್ತಿರುವ ಗದ್ದಲ. ಕ್ಯಾಸಿನೊದ ಪಿ-90ಯಂಥ ಒಂಟಿ ಸುರುಳಿಯ ಪಿಕಪ್ ಆದರೆ ಅದರ ಹುಟ್ಟುಗುಣ. 1955ರಲ್ಲಿ ಗಿಬ್ಸನ್‌ನ ಸೇತ್ ಲವರ್ ಎರಡು ಸುರುಳಿಯ ಹಂಬಕರ್ ಮಾಡಿದ್ದೇ ಈ ಕಾಟ ತಪ್ಪಿಸಲು. ಹಂಬಕರ್ ಹೀಗೆ ಮಾಡಿದರೆ ಮಾತ್ರ ಅದರ ಒಂದು ಸುರುಳಿ ಮಲಗಿದೆ ಎಂದು ತಿಳಿದು ಮೇಲಿನ ಅರ್ಧ ಓಮ್ ಪರೀಕ್ಷೆಗೆ ಹೋಗಿ.

ವಾಲ್ಯೂಮ್ ಎರಡನ್ನೂ ಸೊನ್ನೆ ಮಾಡಿದ ಮೇಲೂ ಗುಂಯ್ ಎನ್ನುತ್ತಲೇ ಇದ್ದರೆ ಪಿಕಪ್ ನಿರಪರಾಧಿ. ಜ್ಯಾಕ್, ಜ್ಯಾಕ್‌ನ ಅರ್ಥ್, ಕೇಬಲ್, ಈ ಮೂರರಲ್ಲಿ ಒಂದು. ಗಟ್ಟಿ ಗಿಟಾರ್‌ನಲ್ಲಿ ಗುಂಡಿಯ ಒಳಗೆ ತಾಮ್ರದ ಹಾಳೆ ಅಂಟಿಸಿ ಕವಚ ಮಾಡಬಹುದು. ಟೊಳ್ಳು ಮೈಯಲ್ಲಿ ಅದಕ್ಕೆ ಜಾಗವೇ ಇಲ್ಲ. ಆದ್ದರಿಂದ ಉದ್ದ ಓಟಕ್ಕೆಲ್ಲ ಹೆಣೆದ ಕವಚದ ವೈರ್‌ನ್ನೇ ಬಳಸಿ. ಕೈಗೆ ಸಿಕ್ಕ ಸಾದಾ ವೈರ್ ಸ್ವಿಚ್‌ವರೆಗೆ ಎಳೆದು ಆಮೇಲೆ ಗುಂಯ್ ಎಂದರೆ ಯಾರನ್ನು ದೂರುವುದು, ಅಲ್ವಾ?

ಒಂದೊಂದೇ ಚೆನ್ನ, ನಡುವಿಗೆ ತಂದರೆ ಮೂಗಿನ ದನಿ

ನೆಕ್ ಪಿಕಪ್ ಸೊಗಸು, ಬ್ರಿಡ್ಜ್ ಸೊಗಸು. ಎರಡೂ ಸೇರಿದರೆ ಮಂದ್ರವೆಲ್ಲ ಮಾಯವಾಗಿ ತೆಳ್ಳಗೆ, ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿದರೆ ಎರಡು ಪಿಕಪ್‌ಗಳ ಫೇಸ್ ಉಲ್ಟಾ ಆಗಿದೆ, ಅಂದರೆ ಒಂದರ ಸಿಗ್ನಲ್ ಇನ್ನೊಂದನ್ನು ಕಳೆಯುತ್ತಿದೆ. ಒಂದೇ ಪಿಕಪ್ ಬದಲಿಸಿದವರಿಗೆ, ಅದರಲ್ಲೂ ಬೇರೆ ಕಂಪನಿಯದ್ದು ಹಾಕಿದವರಿಗೆ ಇದು ಬರುತ್ತದೆ.

ಇದನ್ನೂ ಹೊರಗಿನಿಂದಲೇ ಖಚಿತ ಮಾಡಿಕೊಳ್ಳಬಹುದು. ಮೊದಲಿನಂತೆ ಪ್ಲಗ್‌ಗೆ ಮೀಟರ್, ರೇಂಜ್ 20 ಕಿಲೋ ಓಮ್, ಸ್ವಿಚ್ ನೆಕ್‌ನಲ್ಲಿ. ಒಂದು ಕಬ್ಬಿಣದ ಸ್ಕ್ರೂ ಡ್ರೈವರನ್ನು ಪಿಕಪ್‌ನ ಸ್ಕ್ರೂಗಳ ಮೇಲೆ ಅಡ್ಡ ಮಲಗಿಸಿ, ಫಕ್ಕನೆ ಎತ್ತಿ. ಎತ್ತಿದ ಕ್ಷಣ ಸಂಖ್ಯೆ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ಬ್ರಿಡ್ಜ್ ಪಿಕಪ್‌ಗೂ ಹಾಗೇ ಮಾಡಿ. ಎರಡೂ ಒಂದೇ ದಿಕ್ಕಿಗೆ ಜಿಗಿಯಬೇಕು. ಮುಳ್ಳಿನ ಹಳೆಯ ಮೀಟರ್ ಇದ್ದರೆ ಇದು ಇನ್ನೂ ಸ್ಪಷ್ಟ. ಪಿಕಪ್‌ನ ಮುಚ್ಚಳ ಗೀಚದಂತೆ ತೆಳು ಬಟ್ಟೆ ಹಾಸಿ.

ನಾಲ್ಕು ವೈರ್‌ನ ಪಿಕಪ್ ಆದರೆ ಸಿಗ್ನಲ್ ಮತ್ತು ಅರ್ಥ್ ವೈರ್ ಅದಲು ಬದಲು ಮಾಡಿದರೆ ಸರಿ. ಕವಚದ ಬರಿ ವೈರ್ ಮಾತ್ರ ಅರ್ಥ್‌ನಲ್ಲೇ ಉಳಿಯಬೇಕು. ಹಳೆಯ ಮಾದರಿಯ ಒಂದೇ ಹೆಣೆದ ವೈರ್‌ನ ಪಿಕಪ್‌ನಲ್ಲಿ ಹೀಗೆ ಮಾಡಲಾಗದು. ಅದರ ಕವಚ ಲೋಹದ ಮುಚ್ಚಳಕ್ಕೆ ಸೇರಿರುತ್ತದೆ, ತಿರುಗಿಸಿದರೆ ಮುಚ್ಚಳವೇ ಸಿಗ್ನಲ್ ಆಗಿ ಮುಟ್ಟಿದರೆ ಗುಂಯ್ ಎನ್ನುತ್ತದೆ. ಅಂಥದ್ದರಲ್ಲಿ ಒಳಗಿನ ಅಯಸ್ಕಾಂತವನ್ನು ಮಗುಚಿ ಹಾಕಬೇಕು, ಅದು ಕೈ ಪಳಗಿದವರ ಕೆಲಸ. ಬೇಸರವಾದರೆ ಒಂದು ಸಮಾಧಾನ: ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್‌ನ ಲೆಸ್ ಪಾಲ್‌ನಲ್ಲಿದ್ದ ಪ್ರಸಿದ್ಧ ದನಿ ಇದೇ ಉಲ್ಟಾ ಫೇಸಿನದ್ದು. ಇಷ್ಟವಾದರೆ ಹಾಗೇ ಬಿಡಿ.

ನಾಬ್‌ಗಳು ಹೇಳಿದ ಮಾತು ಕೇಳುತ್ತಿಲ್ಲ

ವಾಲ್ಯೂಮ್ 10ರಿಂದ 3ರವರೆಗೆ ಏನೂ ಆಗದೆ ಆಮೇಲೆ ದಢಕ್ಕನೆ ಬಿದ್ದರೆ ಲೀನಿಯರ್ ಪಾಟ್ ಹಾಕಿದ್ದೀರಿ. ಬೆನ್ನ ಮೇಲೆ ಬಿ500ಕೆ ಎಂದಿರುತ್ತದೆ. ವಾಲ್ಯೂಮ್‌ಗೆ ಸಾಮಾನ್ಯವಾಗಿ ಬೇಕಾದದ್ದು ಎ500ಕೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೆಪಾಸಿಟರ್, ಸೋಲ್ಡರ್, ಹೀಟ್ ಶ್ರಿಂಕ್ ಟ್ಯೂಬ್ ಎಲ್ಲ ಸಿಗುತ್ತದೆ, ಆದರೆ ಪಾಟ್ ಕೇಳುವಾಗ ಸುಮ್ನೆ 500 ಕೆ ಎಂದರೆ ಬಿ ಕೈಗೆ ಬರುವ ಸಾಧ್ಯತೆ ಜಾಸ್ತಿ. ಅಕ್ಷರ ನೋಡಿ ಕೊಳ್ಳಿ, ಮನೆಗೆ ಬಂದ ಮೇಲೆ ಮೀಟರ್‌ನಲ್ಲಿ ಅಳೆಯಿರಿ.

ನಾಬ್ ಉಲ್ಟಾ ಕೆಲಸ ಮಾಡಿದರೆ ಪಾಟ್‌ನ ಎರಡು ಹೊರಗಿನ ಕಾಲು ಅದಲು ಬದಲಾಗಿವೆ. ಟೋನ್ ಸೊನ್ನೆ ಮಾಡಿದಾಗ ಸದ್ದೇ ಪೂರ್ತಿ ಹೋದರೆ ಕೆಪಾಸಿಟರ್ ಶಾರ್ಟ್ ಆಗಿದೆ ಅಥವಾ ಅದರ ಕಾಲುಗಳು ಒಂದಕ್ಕೊಂದು ತಾಗಿವೆ. ಟೋನ್ ತಿರುಗಿಸಿದರೂ ಏನೂ ಆಗದಿದ್ದರೆ ಕೆಪಾಸಿಟರ್ ಬೆಸುಗೆ ಬಿಟ್ಟಿದೆ. ಎಲ್ಲ 10ರಲ್ಲಿದ್ದರೂ ದನಿ ಕಂಬಳಿ ಹೊದ್ದಂತಿದ್ದರೆ ಹಂಬಕರ್‌ಗೆ 250 ಕೆ ಪಾಟ್ ಬಿದ್ದಿರಬಹುದು. ಕೆಪಾಸಿಟರ್ ಮೇಲೆ 223 ಎಂದಿದ್ದರೆ 0.022 ಮೈಕ್ರೊಫ್ಯಾರಡ್, 473 ಎಂದಿದ್ದರೆ 0.047. ಹಂಬಕರ್‌ಗೆ ಮೊದಲನೆಯದು ವಾಡಿಕೆ.

ತಿರುಗಿಸಿದರೆ ಕರಕರ

ಮೊದಲು ಆಂಪ್ ಆಫ್ ಮಾಡಿ ಪ್ರತಿ ನಾಬನ್ನೂ ಇಪ್ಪತ್ತು ಮೂವತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಎಷ್ಟೋ ಸಲ ಇಷ್ಟೇ ಸಾಕು. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್. ಮಾಮೂಲಿ ಡಬ್ಲ್ಯುಡಿ-40 ಅಲ್ಲ, ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಸ್ಪ್ರೇ. ತೆಳು ನಳಿಗೆಯನ್ನು ಎಫ್ ಕಿಂಡಿಯಿಂದ ತೂರಿಸಿ, ಹಲ್ಲಿನ ಡಾಕ್ಟರರ ಥರದ ಪುಟ್ಟ ಕನ್ನಡಿ ಮತ್ತು ಟಾರ್ಚ್ ಹಿಡಿದು ಪಾಟ್‌ನ ಕಾಲುಗಳ ಮೇಲಿನ ಸಂದಿಗೆ ಒಂದೇ ಚಿಮುಕು. ಗಿಟಾರ್‌ನ ಮುಖಕ್ಕೆ ಬಟ್ಟೆ ಮುಚ್ಚಿರಬೇಕು, ಈ ದ್ರವ ಲ್ಯಾಕರ್ ಪಾಲಿಶ್‌ಗೆ ಬಿದ್ದರೆ ಕಲೆ ಉಳಿಯುತ್ತದೆ.

ಜ್ಯಾಕ್ ಸಡಿಲವಾಗಿದ್ದರೆ ಹೊರಗಿನ ನಟ್ ಮಾತ್ರ ಹಿಡಿದು ಬಿಗಿ ಮಾಡಬೇಡಿ. ಒಳಗೆ ಇಡೀ ಜ್ಯಾಕ್ ತಿರುಗಿ ವೈರ್ ಹುರಿಗೊಂಡು ತುಂಡಾಗುತ್ತದೆ. ಜ್ಯಾಕ್‌ನ ತೂತಿಗೆ ಸರಿಯಾಗಿ ಕೂರುವ ಕಡ್ಡಿಯನ್ನು ಬಿಗಿಯಾಗಿ ಒತ್ತಿ ಹಿಡಿದು ಜ್ಯಾಕ್ ತಿರುಗದಂತೆ ನೋಡಿಕೊಂಡು ನಟ್ ತಿರುಗಿಸಿ.

ಗಿರ್ರ್ ಎಂಬ ಅದುರು, ಊಳಿಡುವ ಫೀಡ್‌ಬ್ಯಾಕ್

ಕೇಬಲ್ ಹಾಕದೆ ನುಡಿಸಿದರೂ ಕೆಲವು ಸ್ವರಕ್ಕೆ ಮಾತ್ರ ಗಿರ್ರ್ ಎನ್ನುತ್ತಿದ್ದರೆ ಅದು ವಿದ್ಯುತ್ ದೋಷವಲ್ಲ. ಹೊಸ ವೈರ್ ಒಳಗಿನ ಮರಕ್ಕೆ ತಾಗಿ ಅದುರುತ್ತಿದೆ, ಅಥವಾ ನಟ್ ಒಂದು ಸಡಿಲವಾಗಿದೆ. ನುಡಿಸುತ್ತಾ ಒಂದೊಂದೇ ನಾಬ್, ಸ್ವಿಚ್‌ನ ಬಳಿ ಬೆರಳು ಒತ್ತಿ. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಅಲ್ಲಿದೆ. ವೈರ್‌ಗಳನ್ನು ಒಟ್ಟುಮಾಡಿ ಕಟ್ಟಿ, ಮರಕ್ಕೆ ತಾಗುವಲ್ಲಿ ಸ್ಪಂಜಿನ ತುಂಡು ಸುತ್ತಿ.

ಫೀಡ್‌ಬ್ಯಾಕ್‌ನಲ್ಲಿ ಎರಡು ಬಗೆ. ಊಂ ಎಂದು ಕೆಳ ದನಿಯಲ್ಲಿ ತುಂಬಿಕೊಂಡು ಬರುವುದು ಟೊಳ್ಳು ಮೈಯ ಕಂಪನ. ಆಂಪ್‌ನಿಂದ ದೂರ ಕೂರಿ, ಬಾಸ್ ಇಳಿಸಿ, ಎಫ್ ಕಿಂಡಿಗೆ ಸ್ಪಂಜು ತುರುಕಿ. ಇಎಸ್-335ರ ನಡುವೆ ಮೇಪಲ್ ಮರದ ದಿಮ್ಮಿ ಇಟ್ಟು 1958ರಲ್ಲಿ ಹೊರತಂದದ್ದೂ ಇದನ್ನು ಹತೋಟಿಗೆ ತರಲೆಂದೇ. ಕೀಂ ಎಂದು ಕಿವಿ ಚುಚ್ಚುವುದು ಪಿಕಪ್‌ನ ಸುರುಳಿ ಸಡಿಲವಾಗಿರುವುದರಿಂದ. ಪಿಕಪ್ ಮುಚ್ಚಳವನ್ನು ಉಗುರಿಂದ ತಟ್ಟಿ: ಮೈಕ್ ತಟ್ಟಿದಷ್ಟು ಜೋರು ಕೇಳಿದರೆ ಅದೇ. ಪಿಕಪನ್ನು ಕರಗಿದ ಮೇಣದಲ್ಲಿ ಅದ್ದಬೇಕಾಗುತ್ತದೆ. ಮೇಣಕ್ಕೆ ಬೆಂಕಿ ಹತ್ತುತ್ತದೆ, ಬಿಸಿ ಸ್ವಲ್ಪ ಜಾಸ್ತಿಯಾದರೆ ಪಿಕಪ್‌ನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮನೆಯ ಗ್ಯಾಸ್ ಒಲೆಯ ಮೇಲೆ ಈ ಪ್ರಯೋಗ ಬೇಡ.

ಬಿಚ್ಚದೆ ಗತಿಯಿಲ್ಲ ಎಂದಾದರೆ

ಮೊದಲು ಬ್ರಿಡ್ಜ್. ಪೂರ್ತಿ ಹಾಲೋ ಬಾಡಿಯಲ್ಲಿ ಅದು ತಂತಿಯ ಒತ್ತಡದಿಂದಷ್ಟೇ ನಿಂತಿರುವುದು ಹೆಚ್ಚು. ತಂತಿ ತೆಗೆಯುವ ಮುಂಚೆ ಬ್ರಿಡ್ಜ್‌ನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ. ಇಲ್ಲದಿದ್ದರೆ ವೈರಿಂಗ್ ಸರಿಹೋಗಿ ಶ್ರುತಿ ಕೆಟ್ಟಿರುತ್ತದೆ. ಟ್ರೆಪೀಜ್ ಟೇಲ್‌ಪೀಸ್ ಜೋತು ಬಿದ್ದು ಪಾಲಿಶ್ ಗೀಚುತ್ತದೆ, ಅದರಡಿ ಮಡಿಸಿದ ಟವೆಲ್ ಇಡಿ. ಎಲ್ಲದರ ಫೋಟೊ ತೆಗೆಯಿರಿ.

ನಾಬ್ ಕಿತ್ತ ಮೇಲೆ ಪ್ರತಿ ಪಾಟ್‌ನ ದಂಡಕ್ಕೂ ಅಕ್ವೇರಿಯಮ್‌ಗೆ ಗಾಳಿ ಬಿಡುವ ಮೆತ್ತನೆ ನಳಿಗೆಯ ಒಂದಡಿ ತುಂಡು ಬಿಗಿಯಾಗಿ ತೊಡಿಸಿ. ಈಗ ನಟ್ ಬಿಚ್ಚಿ ನಳಿಗೆಯ ಮೇಲಿಂದಲೇ ಜಾರಿಸಿ ತೆಗೆಯಿರಿ, ಪಾಟನ್ನು ಒಳಗೆ ತಳ್ಳಿ. ನಳಿಗೆಯ ಬಾಲ ತೂತಿನ ಹೊರಗೇ ಉಳಿಯಬೇಕು. ನಾಲ್ಕಕ್ಕೂ ನಾಲ್ಕು ಟೇಪ್ ಚೀಟಿ: ನೆಕ್ ವಾಲ್ಯೂಮ್, ನೆಕ್ ಟೋನ್, ಹೀಗೆ. ಜ್ಯಾಕ್‌ಗೆ ಗಟ್ಟಿ ದಾರ ಕಟ್ಟಿದ ಹಳೆಯ ಪ್ಲಗ್. ಸ್ವಿಚ್‌ಗೆ ಮೀನಿನ ಗಾಳದ ದಾರ. ಆಮೇಲೆ ಎಲ್ಲವನ್ನೂ ಒಂದೊಂದಾಗಿ ಎಫ್ ಕಿಂಡಿಯಿಂದ ಮೆಲ್ಲಗೆ ಹೊರಗೆ ಎಳೆಯಿರಿ. ಕಿಂಡಿಯ ಅಂಚಿಗೆ ಟೇಪ್ ಅಂಟಿಸಿದ್ದರೆ ಪಾಟ್‌ನ ಚೂಪು ಮೂಲೆಗೆ ಬಣ್ಣ ಏಳುವುದಿಲ್ಲ.

ಹೊಸ ಪಾಟ್ ತರುವ ಮುಂಚೆ ಕಿಂಡಿಯ ಅಗಲ ಅಳೆಯಿರಿ. ಸಿಟಿಎಸ್‌ನಂಥ ದೊಡ್ಡ ಪಾಟ್‌ನ ಮೈ ಸುಮಾರು 24 ಮಿಲಿಮೀಟರ್, ಚಿಕ್ಕ ಪಾಟ್ 16. ದೊಡ್ಡದು ನಿಮ್ಮ ಕಿಂಡಿಯಲ್ಲಿ ತೂರದಿರಬಹುದು, ತೂರಿದರೂ ಮುಖದ ತೂತಿಗೆ ಅದರ ಕುತ್ತಿಗೆ ದಪ್ಪವಾಗಬಹುದು. ಅಂಥ ತೂತನ್ನು ಡ್ರಿಲ್‌ನಿಂದ ಹಿಗ್ಗಿಸಲು ಹೋದರೆ ತೆಳು ಪ್ಲೈ ಚಕ್ಕೆ ಏಳುತ್ತದೆ. ಚಿಕ್ಕ ಪಾಟ್ ಹಾಕಿದರೆ ದನಿಗೆ ಏನೂ ಕೊರತೆಯಿಲ್ಲ.

ಒಂದು ರಟ್ಟಿನ ಮೇಲೆ ಗಿಟಾರ್‌ನ ತೂತುಗಳ ಅಳತೆ ತೆಗೆದು, ಅದೇ ದೂರಕ್ಕೆ ತೂತು ಮಾಡಿ ಪಾಟ್‌ಗಳನ್ನು ಅದರಲ್ಲಿ ಕೂರಿಸಿ ಬೆಸುಗೆ ಹಾಕಿ. ವೈರ್ ಉದ್ದ ತಾನಾಗಿ ಸರಿಬರುತ್ತದೆ. ಪಾಟ್‌ನ ಬೆನ್ನಿಗೆ ಬೆಸುಗೆ ಹಿಡಿಯಲು 40ರಿಂದ 60 ವಾಟ್‌ನ ಸೋಲ್ಡರಿಂಗ್ ಐರನ್ ಬೇಕು. 25 ವಾಟ್‌ನದನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಒಳಗಿನ ಪಟ್ಟಿ ಸುಡುತ್ತದೆ, ಬೆಸುಗೆ ಡ್ರೈ ಆಗಿಯೇ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಸೀಸದ ಸೋಲ್ಡರ್ ಮುಟ್ಟಿದ ಕೈಯನ್ನು ಸೋಪ್ ಹಾಕಿ ತೊಳೆದ ಮೇಲೆಯೇ ಊಟ. ಗಿಟಾರ್ ಮುಖದ ಮೇಲೆ ಬೆಸುಗೆ ಹಾಕುವ ಅನಿವಾರ್ಯ ಬಂದರೆ ದಪ್ಪ ಬಟ್ಟೆ ಹಾಸದೆ ಐರನ್ ಹಚ್ಚಬೇಡಿ.

ರಟ್ಟಿನ ಮೇಲಿರುವಾಗಲೇ ಪಿಕಪ್ ಜೋಡಿಸಿ, ಮೇಲೆ ಹೇಳಿದ ಮೀಟರ್ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿ. ಆಂಪ್‌ಗೆ ಹಾಕಿ ಪಿಕಪ್‌ನ ಸ್ಕ್ರೂಗಳನ್ನು ಸ್ಕ್ರೂ ಡ್ರೈವರ್‌ನಿಂದ ಮೆಲ್ಲಗೆ ತಟ್ಟಿ, ಟಕ್ ಟಕ್ ಕೇಳಬೇಕು. ಕವಚದ ಪ್ರತಿ ತುದಿಗೂ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಎಲ್ಲ ವೈರ್‌ಗಳನ್ನೂ ಕೈಯಿಂದ ಹಿಂಡಿ ಬಾಗಿಸುತ್ತಾ ಮೀಟರ್ ನೋಡಿ. ಸಂಖ್ಯೆ ಕದಲದಿದ್ದರೆ ನಳಿಗೆಗಳ ಬಾಲ ಹಿಡಿದು ಒಳಗೆ ಎಳೆಯಿರಿ. ಪ್ರತಿ ಪಾಟ್ ತೂತಿನಿಂದ ತಲೆ ಹಾಕಿದ ಕೂಡಲೇ ವಾಷರ್, ನಟ್ ಹಾಕಿ ಕೈಯಲ್ಲಿ ಬಿಗಿಯಿರಿ, ಮತ್ತೊಮ್ಮೆ ಅಳೆಯಿರಿ. ಸೊನ್ನೆ ಬಂದರೆ ಈಗಷ್ಟೇ ಕೂರಿಸಿದ ಪಾಟ್‌ನಲ್ಲೇ ಏನೋ ತಾಗಿದೆ ಎಂದು ಗೊತ್ತಾಗುತ್ತದೆ, ಎಲ್ಲವನ್ನೂ ಹೊರಗೆಳೆಯಬೇಕಿಲ್ಲ.

ಯಾವಾಗ ಕೈ ಬಿಡಬೇಕು

ಪಿಕಪ್‌ನ ಸುರುಳಿಯೇ ತುಂಡಾಗಿದ್ದರೆ ಮರುಸುತ್ತುವವರ ಬಳಿ ಹೋಗಬೇಕು. ಕೂದಲಿಗಿಂತ ತೆಳುವಾದ ಆ ತಾಮ್ರದ ಎಳೆ ಮನೆಯಲ್ಲಿ ಸರಿಹೋಗುವುದಿಲ್ಲ. ಪಾಟ್ ತೂತಿನ ಸುತ್ತ ಬಿರುಕು ಕಂಡರೆ, ಒಳಗೆ ಸಡಿಲವಾದ ಮರದ ತುಂಡು ಉರುಳಾಡಿದರೆ, ಅಲ್ಲಿಗೆ ವೈರಿಂಗ್ ಕೆಲಸ ನಿಲ್ಲಿಸಿ ಮರಗೆಲಸ ಬಲ್ಲ ಗಿಟಾರ್ ರಿಪೇರಿಯವರಿಗೆ ತೋರಿಸಿ.

ಗಿಟಾರ್ 1950 ಅಥವಾ 60ರ ದಶಕದ್ದಾದರೆ ಐರನ್ ಬಿಸಿಗೇ ಇಡಬೇಡಿ. ಅಂಥವುಗಳಲ್ಲಿ ಕಾರ್ಖಾನೆಯ ಬೆಸುಗೆಗೇ ಬೆಲೆಯಿದೆ, ಒಂದು ಸಲ ಕರಗಿಸಿದರೆ ಅದು ತಿರುಗಿ ಬರುವುದಿಲ್ಲ. ಹೊಸ ಗಿಟಾರ್ ಆಗಿ ವಾರಂಟಿ ಇದ್ದರೂ ಅಂಗಡಿಯವರನ್ನು ಕೇಳಿಯೇ ಮುಂದುವರಿಯಿರಿ.

ರಿಪೇರಿಗೆ ಕೊಡುವಾಗ ಸರಿಯಿಲ್ಲ ಎಂದಷ್ಟೇ ಹೇಳಿ ಬರಬೇಡಿ. ಸ್ವಿಚ್‌ನ ಮೂರು ಸ್ಥಾನದ ಮೂರು ಓಮ್ ಸಂಖ್ಯೆ, ತಂತಿ ಮುಟ್ಟಿದಾಗ ಸದ್ದು ಏರಿತೋ ಇಳಿಯಿತೋ, ವಾಲ್ಯೂಮ್ ಸೊನ್ನೆಯಲ್ಲಿ ಏನಾಯಿತು, ಇಷ್ಟನ್ನು ಚೀಟಿಯಲ್ಲಿ ಬರೆದು ಕೇಸ್‌ನೊಳಗೆ ಇಡಿ. ಕಿತ್ತ ಹಳೆಯ ಪಾಟ್, ಪಿಕಪ್‌ಗಳೂ ಅದೇ ಕೇಸ್‌ನಲ್ಲಿರಲಿ, ಮುಂದೆ ಗಿಟಾರ್ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.